ಹೆಬ್ಬೆರಳಿಗೆ ನೂರಕ್ಕೆ ಇಪ್ಪತ್ತೈದು

ಕೋಲಾರದ ಚಿನ್ನದ ಗಣಿಗಾರಿಕೆಯ ಕಾಲದಲ್ಲಿ ಕೂಲಿಯ ದೇಹಕ್ಕೂ ದರಪಟ್ಟಿ ಇತ್ತು. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿ ನೂರಕ್ಕೆ 25 ಕಡಿಮೆ, ತೋರುಬೆರಳಿಗೆ 10, ಮೊಣಕೈ ಮೇಲಕ್ಕೆ ಬಲಗೈ ಹೋದರೆ 70: ಬ್ರಿಟಿಷ್ ಇಂಡಿಯಾದ 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಲೆಕ್ಕವಿದು. ಮೈಸೂರು ಸಂಸ್ಥಾನವೂ ಅದೇ ಜಾಡು ಹಿಡಿಯಿತು. ಕೋಲಾರದ ಉರಿಗಾಂ, ಚಾಂಪಿಯನ್ ರೀಫ್‌ಗಳ ಆಳದಲ್ಲಿ ಬಂಡೆ ಸಿಡಿದು ಕೈ ಜಜ್ಜಿದವನಿಗೆ ಈ ಲೆಕ್ಕ ದೊಡ್ಡ ಆಸರೆಯೇ. ಆದರೆ ಅದು ಕೇಳಿದ್ದು ಎಷ್ಟು ಹೋಯಿತು ಎಂದು. ಉಳಿದ ಕೈ ಏನು ಮಾಡಬಲ್ಲದು ಎಂದಲ್ಲ. ಕಾರ್ಮಿಕರ ಲೈನ್ ಮನೆಯಲ್ಲಿ ಮಲಗಿದ್ದವನಿಗೆ ಲಕ್ವ ಹೊಡೆದರಂತೂ ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ಕೈ ಮೈಗಂಟಿಕೊಂಡೇ ಇದೆ, ಅಪಘಾತವೂ ಆಗಿಲ್ಲ.

ಅಂದು ಬೇರೆ ದಾರಿ ಎಲ್ಲಿತ್ತು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಡಭಾಗ ಸ್ವಾಧೀನ ತಪ್ಪಿದ್ದ ವಾಸ್ತುಶಿಲ್ಪಿ ಜಾರ್ಜ್ ಬಾರ್ಟನ್ ಮರಗೆಲಸ, ತೋಟಗೆಲಸಗಳಿಂದ ಚೇತರಿಸಿಕೊಂಡು, ಅಮೆರಿಕದಲ್ಲಿ, ಕೆಲಸ ಮಾಡಿಸುತ್ತಲೇ ಚೇತರಿಸುವ ಆಕ್ಯುಪೇಷನಲ್ ಥೆರಪಿಯ ಸಂಘ ಕಟ್ಟಲು ಜೊತೆಯಾದದ್ದು 1917ರಲ್ಲಿ. ಕಮಲಾ ನಿಂಬ್ಕರ್ ಮುಂಬಯಿಯಲ್ಲಿ ಅದರ ಶಾಲೆ ತೆರೆದದ್ದು 1950ರಲ್ಲಿ. ಹಾಗಾಗಿ ಅಂದಿನ ಗಣಿ ವೈದ್ಯರನ್ನು ದೂರುವುದು ಸಲ್ಲ. ನನ್ನ ತಕರಾರು ಪಟ್ಟಿ ಉಳಿಸಿಹೋದ ಅಭ್ಯಾಸದ ಬಗ್ಗೆ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಲಕ್ವ ಹೊಡೆದವನನ್ನು ‘ಕೈ ಹೋಯಿತು’ ಎಂದು ಲೆಕ್ಕದಿಂದ ತೆಗೆಯುವ ರೂಢಿ ಮುಚ್ಚಲಿಲ್ಲ. ಗಣಿಯೂರಿಗಷ್ಟೇ ಸೇರಿದ ರೂಢಿಯೂ ಅಲ್ಲ ಅದು. ಬಲಗೈ ಬಿದ್ದವನಿಗೆ ಮನೆಯವರು ಪ್ರೀತಿಯಿಂದಲೇ ತುತ್ತಿಡುತ್ತಾರೆ. ಬಳಸದ ಕೈಯನ್ನು ಮಿದುಳು ಮರೆಯುತ್ತದೆ. ತುತ್ತು ಹೆಚ್ಚಿದಷ್ಟೂ ಮರೆವು ಗಟ್ಟಿ. ಈ ಥೆರಪಿ ಹಿಡಿಯುವುದು ಇಲ್ಲೇ: ಅನ್ನ ಕಲಸು, ಗುಂಡಿ ಹಾಕು, ಪಂಚೆ ಸುತ್ತು. 2007ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ, 9 ಪ್ರಯೋಗಗಳ 1258 ಜನರ ಪರಿಶೀಲನೆ, ಇಂಥ ದಿನನಿತ್ಯದ ಕೆಲಸಗಳ ತರಬೇತಿ ಪರಾವಲಂಬನೆಯನ್ನು ತಗ್ಗಿಸುತ್ತದೆಂದು ಕಂಡಿತು.

ಹಾಗಿದ್ದರೆ ಮೊದಲ ದಿನವೇ ಎಬ್ಬಿಸಿ ನಿಲ್ಲಿಸೋಣವೇ? ಬೇಡ. 2015ರ ‘ಅವರ್ಟ್’ ಎಂಬ ಪ್ರಯೋಗದಲ್ಲಿ 2104 ಲಕ್ವ ರೋಗಿಗಳಿದ್ದರು. 24 ಗಂಟೆಯೊಳಗೇ ಎಬ್ಬಿಸಿ ಹೆಚ್ಚು ಹೊತ್ತು ಓಡಾಡಿಸಿದ ಗುಂಪಿನಲ್ಲಿ ಚೆನ್ನಾಗಿ ಚೇತರಿಸಿಕೊಂಡವರು ಕಡಿಮೆಯೇ. ಅಲ್ಲಿ ಅಳೆದದ್ದು ಎಬ್ಬಿಸಿ ಓಡಾಡಿಸುವುದನ್ನು, ಕೈಕೆಲಸವನ್ನಲ್ಲ. ಆದರೂ ಆ ಎಚ್ಚರಿಕೆ ಕೈಕೆಲಸಕ್ಕೂ ಸಲ್ಲುತ್ತದೆ. ಬೇಗ ಅಂದರೆ ಅವಸರವಲ್ಲ. ವೈದ್ಯರು ಸ್ಥಿತಿ ಸ್ಥಿರವಾಗಿದೆ ಎಂದ ಮೇಲೆ, ದಿನಕ್ಕೆ ಕೆಲವು ಸಲ, ದಣಿಯುವ ಮುನ್ನ ಬಿಡುವಷ್ಟು. ಮೊದಲು ಎತ್ತಲು ಖಾಲಿ ಚೊಂಬು, ಆಮೇಲೆ ಕಾಲು ಭಾಗ ನೀರು.