ಹೆಬ್ಬೆಟ್ಟಿನ ಚರಿತ್ರೆ

'ಹೆಬ್ಬೆಟ್ಟು' ಅನ್ನೋದು ನಮ್ಮ ಕಡೆ ಒಂದು ಬೈಗುಳ. ಓದು ಬರಹ ಇಲ್ಲದವನನ್ನು ಹಾಗೆ ಕರೀತಾರೆ. ಸಹಿ ಹಾಕೋನು ಮನುಷ್ಯ, ಹೆಬ್ಬೆಟ್ಟು ಒತ್ತೋನು ದನ ಎಂಬ ಲೆಕ್ಕ. ಈ ಬೈಗುಳವನ್ನು ಯಾರು ಹುಟ್ಟಿಸಿದರು ಅಂತ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅಕ್ಷರ ಯಾರ ಮನೆಯ ಸ್ವತ್ತಾಗಿತ್ತೋ ಅವರೇ ಹುಟ್ಟಿಸಿದರು. ಆದರೆ ಇವತ್ತು ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಯಾವ ನ್ಯಾಯಬೆಲೆ ಅಂಗಡಿಗೆ ಹೋದರೂ ಪದವಿ ಪಾಸಾದ ಹುಡುಗಿಯೂ, ಅಕ್ಷರವನ್ನೇ ಕಾಣದ ಅವಳ ಅಜ್ಜಿಯೂ ಒಂದೇ ಯಂತ್ರದ ಮೇಲೆ ಬೆರಳು ಒತ್ತುತ್ತಾರೆ. ಬಡವರೆಲ್ಲ ಮತ್ತೆ ಹೆಬ್ಬೆಟ್ಟುಗಳಾಗಿದ್ದಾರೆ.

ಇದನ್ನು ತಂತ್ರಜ್ಞಾನ ತಂದ ಸಮಾನತೆ ಎಂದು ಹೊಗಳುವವರಿದ್ದಾರೆ. ಬಡವರ ವಿರುದ್ಧದ ಪಿತೂರಿ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರೂ ಇದ್ದಾರೆ. ಎರಡೂ ಅವಸರದ ಮಾತು. ಯಂತ್ರ ಒಳ್ಳೇದೋ ಕೆಟ್ಟದ್ದೋ ಎಂಬ ಪ್ರಶ್ನೆಗಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಯಾರ ಬೆರಳು ಯಾರ ಮುಂದೆ ಒತ್ತಿತು? ಯಾರು ಯಾರಿಗೆ ಉತ್ತರ ಹೇಳಬೇಕಾಯಿತು? ಇದಕ್ಕೆ ಚರಿತ್ರೆಯಲ್ಲಿ ಉತ್ತರ ಇದೆ.

1858ರಲ್ಲಿ, ಸಿಪಾಯಿ ದಂಗೆಯ ಬಿಸಿ ಇನ್ನೂ ಆರದಿದ್ದಾಗ, ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ ರಸ್ತೆಗೆ ಸಾಮಾನು ಒದಗಿಸುವ ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರನ ಅಂಗೈಗೆ ಮಸಿ ಬಳಿದು ಕರಾರುಪತ್ರದ ಮೇಲೆ ಒತ್ತಿಸಿಕೊಂಡ. ನಾಳೆ ಇವನು 'ಇದು ನನ್ನ ಸಹಿ ಅಲ್ಲ' ಅನ್ನಬಾರದು, ಅಷ್ಟೆ. ಬೆರಳಚ್ಚಿನ ಹುಟ್ಟಿನಲ್ಲೇ ಆಳುವವನಿಗೆ ಆಳಿಸಿಕೊಳ್ಳುವವನ ಮೇಲೆ ಇದ್ದ ಅಪನಂಬಿಕೆ ಇದೆ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಶುರುವಾಯಿತು. ಬೆರಳಚ್ಚುಗಳನ್ನು ವಿಂಗಡಿಸುವ ಲೆಕ್ಕಾಚಾರಕ್ಕೆ ದುಡಿದವರು ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ದೇಶೀ ನೌಕರರು. ಹೆಸರು ಮಾತ್ರ ಮೇಲಧಿಕಾರಿ ಹೆನ್ರಿಗೆ ಹೋಯಿತು. ದುಡಿಮೆ ಒಬ್ಬರದು ಹೆಸರು ಇನ್ನೊಬ್ಬರದು ಅನ್ನೋದು ನಮಗೇನು ಹೊಸದಲ್ಲ.

ಈ ವಿದ್ಯೆ ಮೊದಲು ಯಾರ ಮೇಲೆ ಬಿತ್ತು? 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯಿದೆ ತಂದರು. ಹುಟ್ಟಿದ ಜಾತಿಯಿಂದಲೇ ಕಳ್ಳ ಅನ್ನುವ ಕಾನೂನು. ಮನು ಬಾಯಲ್ಲಿ ಹೇಳಿದ್ದನ್ನು ಇವರು ರಿಜಿಸ್ಟರಿನಲ್ಲಿ ಬರೆದರು. 1911ರ ಕಾಯಿದೆ ಆ ಸಮುದಾಯಗಳವರ ಬೆರಳಚ್ಚು ತೆಗೆದುಕೊಳ್ಳುವ ಅಧಿಕಾರ ಕೊಟ್ಟಿತು, ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಇವತ್ತು ನಮ್ಮ ಜಿಲ್ಲೆಯಲ್ಲಿರುವ ಕೊಳ್ಳೇಗಾಲ 1956ರವರೆಗೆ ಆ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ದೇಶ ಸ್ವತಂತ್ರವಾಗಿ ಐದು ವರ್ಷವಾದ ಮೇಲೆ, 1952ರಲ್ಲಿ, ಈ ಕಾನೂನು ಹೋಯಿತು. ಜನರ ಮನಸ್ಸಿನ ರಿಜಿಸ್ಟರಿನಿಂದ ಇನ್ನೂ ಹೋಗಿಲ್ಲ. ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲಿನಲ್ಲೂ ಇದೇ ಕಾಲಕ್ಕೆ ಏಷ್ಯದವರೆಲ್ಲ ಬೆರಳಚ್ಚು ಕೊಟ್ಟು ಚೀಟಿ ಇಟ್ಟುಕೊಳ್ಳಬೇಕು ಅಂತ ಕಟ್ಟಳೆ ಬಂತು. 1908ರ ಆಗಸ್ಟಿನಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಗಾಂಧಿಯ ಜೊತೆಗಾರರು ಆ ಚೀಟಿಗಳನ್ನು ರಾಶಿ ಹಾಕಿ ಸುಟ್ಟರು. ಗಾಂಧಿಯ ಜೊತೆ ನಮಗೆ ಬೇಕಾದಷ್ಟು ಜಗಳ ಇದೆ, ಆ ಮಾತು ಬೇರೆ. ಆದರೆ ಬೆರಳು ಕೇಳುವ ಸರ್ಕಾರಕ್ಕೆ 'ಯಾಕೆ?' ಎಂದು ಕೇಳಿದ್ದು ಇವತ್ತಿನ ಹೊಸ ಫ್ಯಾಷನ್ ಅಲ್ಲ ಎಂಬುದಕ್ಕೆ ಇಷ್ಟು ಹೇಳಿದೆ.

ಈಗ ನಮ್ಮ ಊರುಗಳಿಗೆ ಬರೋಣ. ಹಳೇ ಮೈಸೂರಿನಲ್ಲಿ ಸರ್ಕಾರ ಅಂದರೆ ಪಟೇಲ ಮತ್ತು ಶ್ಯಾನುಭೋಗ. ಆ ಉದ್ಯೋಗ ಅಪ್ಪನಿಂದ ಮಗನಿಗೆ. ಕೆಳಗೆ ತೋಟಿ, ತಳವಾರ, ಕುಳುವಾಡಿ. ಊರಿನ ಗಡಿಕಲ್ಲು ಎಲ್ಲೆಲ್ಲಿದೆ, ಯಾವ ಹೊಲದ ಬದು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅನ್ನೋದು ಗೊತ್ತಿದ್ದದ್ದು ಹೊಲಗೇರಿಯ ಕುಳುವಾಡಿಗೆ. ಗಡಿ ಜಗಳ ಬಂದರೆ ಅವನ ಸಾಕ್ಷಿಯೇ ಕೊನೆ. ಆದರೆ ಅವನು ತೋರಿಸಿದ್ದನ್ನು ಬರೆದುಕೊಂಡವನು ಶ್ಯಾನುಭೋಗ. ಕಾಲ ಕಳೆದ ಹಾಗೆ ತೋರಿಸಿದವನ ಮಾತು ಸತ್ತಿತು, ಬರೆದವನ ಖಿರ್ದಿ ಉಳಿಯಿತು. ಜ್ಞಾನ ನಮ್ಮದು, ದಾಖಲೆ ಅವರದು.

ಗ್ರಾಮ ಉದ್ಯೋಗ ರದ್ದತಿ ಕಾಯಿದೆ 1961ರಲ್ಲಿ ಆಗಿ 1963ರಿಂದ ಜಾರಿಗೆ ಬಂತು. ಶ್ಯಾನುಭೋಗಿಕೆ ಹೋಗಿ ಸಂಬಳದ ಗ್ರಾಮ ಲೆಕ್ಕಿಗ ಬಂದ. ಇದು ದೊಡ್ಡ ಬದಲಾವಣೆ, ಒಪ್ಪೋಣ. ಆದರೆ ತೋಟಿಯ ಚಾಕರಿ ಜಮೀನು ತೋಟಿಗೇ ಉಳಿಯಬೇಕಾದರೆ ಅರ್ಜಿ ಬರೆಯಬೇಕು, ಹಣ ಕಟ್ಟಬೇಕು. ಅರ್ಜಿ ಬರೆಯೋದಕ್ಕೆ ಮತ್ತೆ ಅಕ್ಷರ ಬಲ್ಲವನ ಬಾಗಿಲಿಗೇ ಹೋಗಬೇಕು. ದೇವರಾಜ ಅರಸು ಸರ್ಕಾರದ 1974ರ ಭೂಸುಧಾರಣೆಯಲ್ಲೂ ಹೀಗೇ. ಗೇಣಿದಾರ ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕು. ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿದಾರ ಅಂತ ಹೆಸರು ಇದ್ದರೆ ಕೈ ಗಟ್ಟಿ. ಆ ಕಾಲಂನಲ್ಲಿ ಹೆಸರು ಬರೆಯದೆ ಬಿಟ್ಟರೆ? ತಲೆಮಾರು ಉತ್ತವನು ಕಾಗದದ ಮೇಲೆ ಉಳಲೇ ಇಲ್ಲ.

ಅದೇ ಕಾಲದಲ್ಲಿ ಇನ್ನೆರಡು ಕಾನೂನು ಬಂದವು. ಜೀತ ರದ್ದತಿ ಕಾಯಿದೆ 1976ರದು, ಪರಿಶಿಷ್ಟರ ಮಂಜೂರಾತಿ ಭೂಮಿಯ ಪರಭಾರೆ ನಿಷೇಧ ಕಾಯಿದೆ 1978ರದು. ಇವೆರಡರ ಹೊಟ್ಟೆಯಲ್ಲಿರುವ ಮಾತು ಒಂದೇ. ಹಸಿದವನು ಸಾಹುಕಾರನ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಮಾತ್ರಕ್ಕೆ ಅದು ಅವನ ಒಪ್ಪಿಗೆ ಅಲ್ಲ. ಸಾಲದ ಪತ್ರವೂ ರದ್ದು, ಕ್ರಯಪತ್ರವೂ ಅಸಿಂಧು. ಹೆಬ್ಬೆಟ್ಟಿನ ಹಿಂದೆ ಹಸಿವಿದೆ, ಹೆದರಿಕೆ ಇದೆ, ಜಾತಿ ಇದೆ ಅಂತ ಕಾನೂನು ಒಪ್ಪಿಕೊಂಡಿತು. ಆ ಕಾನೂನುಗಳನ್ನು ಕಾಗದದಿಂದ ಕೇರಿಗೆ ಇಳಿಸಲು ದಲಿತ ಸಂಘರ್ಷ ಸಮಿತಿಯ ಹುಡುಗರು ಊರೂರು ತಿರುಗಿದರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1997ರಲ್ಲಿ ಮೈಸೂರು ಜಿಲ್ಲೆ ಒಡೆದು ಚಾಮರಾಜನಗರ ಬೇರೆ ಜಿಲ್ಲೆಯಾಯಿತು. ಮುಖ್ಯಮಂತ್ರಿಯಾದವರು ಈ ಊರಿಗೆ ಕಾಲಿಟ್ಟರೆ ಕುರ್ಚಿ ಹೋಗುತ್ತೆ ಅನ್ನುವ ಮೂಢನಂಬಿಕೆ ಇತ್ತಲ್ಲ, ಅದಕ್ಕೆ ಜೆ. ಎಚ್. ಪಟೇಲರು ಜಿಲ್ಲೆಯನ್ನು ದೂರದ ಮಹದೇಶ್ವರ ಬೆಟ್ಟದಲ್ಲಿ ನಿಂತು ಉದ್ಘಾಟಿಸಿದರು. ಸಮಾಜವಾದ ಮಾತಾಡಿದವರಿಗೂ ಕುರ್ಚಿಯ ಭಯ ಬಿಡಲಿಲ್ಲ. ಮುಖ್ಯಮಂತ್ರಿಗಳು ಬರಲು ಹೆದರಿದ ಊರಿಗೆ ಕಂಪ್ಯೂಟರ್ ಮಾತ್ರ ಬಂತು.

ಅದು 'ಭೂಮಿ' ಯೋಜನೆ. 2000ದ ಆಚೀಚೆ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ. ಗ್ರಾಮ ಲೆಕ್ಕಿಗನ ಹಿಂದೆ ವಾರಗಟ್ಟಲೆ ಅಲೆಯೋದು ತಪ್ಪಿತು. ಹಳೆಯ ಖಿರ್ದಿಯ ತಪ್ಪುಗಳೂ ಹಾಗೇ ಏರಿದವು. ಕಾಗದದಲ್ಲಿ ಇಲ್ಲದವನು ಕಂಪ್ಯೂಟರಿನಲ್ಲೂ ಇಲ್ಲ. ಬೆಂಗಳೂರಿನ ಸುತ್ತಮುತ್ತ ಇದರಿಂದ ಯಾರಿಗೆ ಅನುಕೂಲವಾಯಿತು ಅಂತ ನೋಡಿದ ಸಾಲೊಮನ್ ಬೆಂಜಮಿನ್ ಮತ್ತಿತರರು 2007ರಲ್ಲಿ ಬರೆದ ಅಧ್ಯಯನ, ದೊಡ್ಡ ಜಮೀನು ವ್ಯಾಪಾರಸ್ಥರಿಗೆ ದಾರಿ ಸಲೀಸಾಯಿತು ಅಂತ ವಾದಿಸಿತು.

ಆದರೆ 'ಭೂಮಿ'ಯಲ್ಲಿ ಒಂದು ಸಂಗತಿ ಗಮನಿಸಬೇಕು. ಅದರಲ್ಲೂ ಬೆರಳಚ್ಚು ಇತ್ತು. ಯಾರದು? ರೈತನದಲ್ಲ. ದಾಖಲೆ ತಿದ್ದುವ ನೌಕರನದು, ಅದನ್ನು ಒಪ್ಪುವ ಅಧಿಕಾರಿಯದು. ಯಾರು, ಯಾವ ದಿನ, ಯಾವ ಪಹಣಿ ಮುಟ್ಟಿದರು ಅಂತ ಯಂತ್ರ ಬರೆದಿಟ್ಟುಕೊಳ್ಳುತ್ತಿತ್ತು. ಅಂದರೆ ಸರ್ಕಾರದ ಕೈಯಿಂದಲೇ ಹೆಬ್ಬೆಟ್ಟು ಒತ್ತಿಸಿದ್ದು! 'ನಾನು ಮಾಡ್ಲಿಲ್ಲ' ಅನ್ನದ ಹಾಗೆ ಅಧಿಕಾರಿಯನ್ನು ಕಟ್ಟಿಹಾಕಿದ್ದು. ಹರ್ಷೆಲ್‌ನ ಲೆಕ್ಕ ತಲೆಕೆಳಗಾದ ಗಳಿಗೆ ಅದು. ಮನಸ್ಸಿದ್ದರೆ ಯಂತ್ರವನ್ನು ಮೇಲಿನವನ ಕಡೆಗೂ ತಿರುಗಿಸಬಹುದು ಅನ್ನೋದಕ್ಕೆ ಇದೇ ಸಾಕ್ಷಿ.

ಆಧಾರ್ ಬಂದಾಗ ಬೆರಳು ಮತ್ತೆ ಕೆಳಗೆ ತಿರುಗಿತು. 2009ರಲ್ಲಿ ಪ್ರಾಧಿಕಾರ ಹುಟ್ಟಿತು, ಬೆಂಗಳೂರಿನ ನಂದನ್ ನಿಲೇಕಣಿ ಅದರ ಅಧ್ಯಕ್ಷರಾದರು. ರಾಜ್ಯದಲ್ಲಿ ಮೊದಲ ಪ್ರಯೋಗಕ್ಕೆ ಆರಿಸಿಕೊಂಡ ಜಿಲ್ಲೆಗಳು ನಮ್ಮ ಪಕ್ಕದ ಮೈಸೂರು ಮತ್ತು ತುಮಕೂರು. ಸಂಸತ್ತಿನಲ್ಲಿ ಕಾಯಿದೆಯಾದದ್ದು 2016ರಲ್ಲಿ, ಅದೂ ಹಣಕಾಸು ಮಸೂದೆ ಎಂಬ ಹೆಸರಿನಲ್ಲಿ, ರಾಜ್ಯಸಭೆ ತಡೆಯದ ಹಾಗೆ. ಮೊದಲು ಯಂತ್ರ, ಆಮೇಲೆ ಕಾನೂನು.

ಅದು ಕೆಲಸ ಮಾಡೋದು ಹೀಗೆ. ಅಂಗಡಿಯಲ್ಲಿ ಒತ್ತಿದ ಬೆರಳಿನ ಗೆರೆಗಳ ಗುರುತು ದೂರದ ಕೇಂದ್ರಕ್ಕೆ ಹೋಗುತ್ತೆ. ಅಲ್ಲಿ ಮೊದಲೇ ಇಟ್ಟ ಗುರುತಿನ ಜೊತೆ ಹೋಲಿಸಿ ಹೌದು ಅಥವಾ ಅಲ್ಲ ಎಂದು ಉತ್ತರ ಬರುತ್ತೆ. ಮೂರನೇ ಮಾತಿಲ್ಲ. ಚಾಮರಾಜನಗರದ ಕರಿಕಲ್ಲಿನ ಕ್ವಾರಿಯಲ್ಲಿ ಕಲ್ಲು ಹೊತ್ತ ಬೆರಳು, ಗುಂಡ್ಲುಪೇಟೆಯ ಅರಿಶಿನದ ಹೊಲದಲ್ಲಿ ಗಡ್ಡೆ ಕಿತ್ತ ಬೆರಳು, ವಯಸ್ಸಾಗಿ ಸುಕ್ಕುಗಟ್ಟಿದ ಬೆರಳು ಸವೆದಿರುತ್ತೆ. ದುಡಿದಷ್ಟೂ ಗೆರೆ ಅಳಿಯುತ್ತೆ. 'ನಿನ್ನ ಬೆಳ್ಳು ಸವ್ದೋಗದ ಕನಮ್ಮಿ, ನಾಳ್ಕ ಬಾ' ಅನ್ನೋ ಮಾತನ್ನು ನಮ್ಮ ಎಷ್ಟು ತಾಯಂದಿರು ಕೇಳಿಲ್ಲ? ಏಕಲವ್ಯನ ಹೆಬ್ಬೆರಳನ್ನು ಗುರು ಕೇಳಿ ಪಡೆದ. ಇವರ ಬೆರಳನ್ನು ದುಡಿಮೆಯೇ ತಿಂದಿದೆ, ತಪ್ಪು ಮಾತ್ರ ಇವರದಾಗುತ್ತೆ. 2018ರ ಮಾರ್ಚಿನಲ್ಲಿ ಪ್ರಾಧಿಕಾರದ ಮುಖ್ಯಾಧಿಕಾರಿಯೇ ಸುಪ್ರೀಂ ಕೋರ್ಟಿನ ಮುಂದೆ, ಸರ್ಕಾರಿ ಸೇವೆಗಳಲ್ಲಿ ನೂರಕ್ಕೆ 88 ಸಲ ಗುರುತು ಸರಿಹೋಗುತ್ತೆ ಅಂದರು. ಉಳಿದ 12?

ಯಂತ್ರ ಬಂದ ಮೇಲೆ ಅಂಗಡಿಯವನ ಕಳ್ಳತನ ನಿಂತಿತು ಅನ್ನುತ್ತಾರೆ. ಸುಳ್ಳು ಹೆಸರಿನ ಕಾರ್ಡುಗಳು ಇದ್ದವು, ನಿಜ. ಆದರೆ ಬೆರಳು ಒತ್ತಿಸಿಕೊಂಡು ಎರಡು ಕೆ.ಜಿ. ಕಡಿಮೆ ತೂಗಿದರೆ ಆ ಯಂತ್ರಕ್ಕೆ ಕಾಣುತ್ತದೆಯೇ? ಪಡೆಯುವವನ ಬೆರಳು ಪರೀಕ್ಷೆಯಾಯಿತು, ಕೊಡುವವನ ಕೈ ಪರೀಕ್ಷೆಯಾಗಲಿಲ್ಲ. 2017ರ ಜುಲೈನಲ್ಲಿ ಉತ್ತರ ಕನ್ನಡದ ಗೋಕರ್ಣದಲ್ಲಿ ಒಂದು ದಲಿತ ಕುಟುಂಬದ ಮೂವರು ಅಣ್ಣತಮ್ಮಂದಿರು ಸತ್ತರು. ಆಧಾರ್ ಜೋಡಿಸದೆ ರೇಷನ್ ನಿಂತು ಹಸಿವಿನಿಂದ ಸತ್ತರು ಎಂದು ಪಿಯುಸಿಎಲ್ ಸತ್ಯಶೋಧನೆ ಹೇಳಿತು. ಸರ್ಕಾರ ಅಲ್ಲಗಳೆಯಿತು. ಹಸಿವಿನ ಸಾವಿಗೆ ಬೆರಳಚ್ಚು ಇರೋದಿಲ್ಲವಲ್ಲ.

ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಅವರ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಖಾಸಗಿತನ ಮೂಲಭೂತ ಹಕ್ಕು ಅಂದರು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್ಮಿಗೆ ಆಧಾರ್ ಕಡ್ಡಾಯ ಮಾಡಕೂಡದು ಎಂದಾಯಿತು. ರೇಷನ್ ಅಕ್ಕಿಗೆ ಕಡ್ಡಾಯ ಉಳಿಯಿತು. ಐವರಲ್ಲಿ ನ್ಯಾಯಮೂರ್ತಿ ಚಂದ್ರಚೂಡ್ ಒಬ್ಬರೇ ಇಡೀ ಕಾಯಿದೆ ಸಂವಿಧಾನಕ್ಕೆ ಮಾಡಿದ ಮೋಸ ಎಂದು ಬರೆದರು. ಖಾತೆ ಇದ್ದವನಿಗೆ ಖಾಸಗಿತನ ಸಿಕ್ಕಿತು. ಹಸಿದವನು ಬೆರಳು ಒತ್ತುವುದು ನಿಲ್ಲಲಿಲ್ಲ. 1970ರ ದಶಕದ ಕಾನೂನು, ಹಸಿದವನ ಹೆಬ್ಬೆಟ್ಟು ಒಪ್ಪಿಗೆ ಅಲ್ಲ ಅಂದಿತ್ತು ಎಂದು ಹಿಂದೆ ಹೇಳಿದೆನಲ್ಲ. ಅಕ್ಕಿಯ ಮುಂದೆ ಒತ್ತಿಸಿಕೊಂಡ ಬೆರಳು ಮಾತ್ರ ಒಪ್ಪಿಗೆ ಹೇಗಾದೀತು?

ಹಾಗಾದರೆ ಯಂತ್ರವನ್ನು ಒಡೆದುಹಾಕಬೇಕೆ? ನಮ್ಮ ಜಿಲ್ಲೆಯಲ್ಲೇ ಎರಡು ಪಾಠ ಇವೆ. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾದ ಮೇಲೆ ಸೋಲಿಗರ ಬೇಸಾಯ ಹೋಯಿತು, ಕಾಡಿನೊಳಗಿನ ಪೋಡುಗಳು ಹೊರಗೆ ಬಂದವು. ಸರ್ಕಾರದ ನಕ್ಷೆಯಲ್ಲಿ ಅದು ಬರೀ ಕಾಡು, ಮನುಷ್ಯರಿಲ್ಲ. ಸೋಲಿಗರು ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆ ಕಾಡು ತಿರುಗಿ ತಮ್ಮ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿಗಳನ್ನು, ಹತ್ತಿರ ಹತ್ತಿರ ಐನೂರು ನೆಲೆಗಳನ್ನು, ಜಿಪಿಎಸ್ ಯಂತ್ರದಲ್ಲಿ ಗುರುತಿಸಿ ತಮ್ಮದೇ ನಕ್ಷೆ ಮಾಡಿದರು. ಸೋಲಿಗರೇ ಆದ ಸಿ. ಮಾದೇಗೌಡರು ಆ ಕೆಲಸದಲ್ಲಿದ್ದರು. 2011ರ ಜನವರಿಯಲ್ಲಿ ಅದು ಹುಲಿ ರಕ್ಷಿತಾರಣ್ಯ ಆಯಿತು. ಆದರೂ ಅದೇ ಅಕ್ಟೋಬರಿನಲ್ಲಿ 2006ರ ಅರಣ್ಯ ಹಕ್ಕು ಕಾಯಿದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಕುಳುವಾಡಿ ತೋರಿಸಿದ್ದನ್ನು ಶ್ಯಾನುಭೋಗ ಬರೆದುಕೊಂಡ. ಸೋಲಿಗರು ತಾವೇ ತೋರಿಸಿ ತಾವೇ ಬರೆದುಕೊಂಡರು.

ಇನ್ನೊಂದು ಹೆಗ್ಗೊಠಾರದ್ದು. 2022ರ ನವೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕಿನ ಆ ಊರಲ್ಲಿ ಮದುವೆಗೆ ಬಂದಿದ್ದ ದಲಿತ ಹೆಂಗಸು ತೊಂಬೆಯ ನಲ್ಲಿಯಲ್ಲಿ ನೀರು ಕುಡಿದರೆಂದು ತೊಂಬೆಯ ನೀರನ್ನೆಲ್ಲ ಬಿಟ್ಟು ಗಂಜಲದಲ್ಲಿ ತೊಳೆದರೆಂಬ ಸುದ್ದಿ ಮೊಬೈಲ್ ವಿಡಿಯೊದಿಂದ ಹೊರಗೆ ಬಂತು. 1927ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆ ನೀರು ಮುಟ್ಟಿದ ಮೇಲೆ ಪಂಚಗವ್ಯ ಸುರಿದು ಕೆರೆಯನ್ನು 'ಶುದ್ಧ' ಮಾಡಿದ್ದರಲ್ಲ, ಅದೇ ಗಂಜಲ 95 ವರ್ಷದ ಮೇಲೆ. ಈ ಸಲ ಫೋನು ಸಾಕ್ಷಿ ಹೇಳಿತು. ತಹಸೀಲ್ದಾರರು ಊರಿಗೆ ಬರಬೇಕಾಯಿತು, ಪೊಲೀಸರು ಕೇಸು ದಾಖಲಿಸಬೇಕಾಯಿತು.

ಗೆಳೆಯರೇ, ಯಂತ್ರ ಯಾರ ಕಡೆ ಮುಖ ಮಾಡಿದೆ ಅನ್ನೋದರ ಮೇಲೆ ನಮ್ಮ ಜಗಳ ನಿಲ್ಲಬೇಕು. ನಾವು ಕೇಳಬೇಕಾದ್ದು ಸಣ್ಣ ಸಣ್ಣ ಸಂಗತಿ. ಬೆರಳು ಒಪ್ಪದಿದ್ದರೆ ಮೊದಲು ಅಕ್ಕಿ, ಆಮೇಲೆ ತಪಾಸಣೆ. ಅಕ್ಕಿ ಇಲ್ಲ ಅಂದರೆ, ಯಾಕೆ ಇಲ್ಲ ಅಂತ ಒಂದು ಚೀಟಿ, ಅದರ ಮೇಲೆ ಇಲ್ಲ ಅಂದ ಅಧಿಕಾರಿಯ ಹೆಸರು, ತಾರೀಖು, ಬೆರಳಚ್ಚು. 'ಭೂಮಿ'ಯಲ್ಲಿ ಅಧಿಕಾರಿಯ ಬೆರಳು ಆಗುವುದಾದರೆ ಇಲ್ಲೂ ಆಗುತ್ತೆ. ಪಟ್ಟಿಯಿಂದ ತೆಗೆದ ಹೆಸರುಗಳನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು.

ಇದಕ್ಕೆ ಸರ್ಕಾರದ ಅಪ್ಪಣೆ ಕಾಯಬೇಕಾಗಿಲ್ಲ. ಊರ ಮೇಷ್ಟ್ರು, ಕಾಲೇಜಿನ ಹುಡುಗ ಹುಡುಗಿಯರು ರೇಷನ್ ಕೊಡುವ ದಿನ ಒಂದು ನೋಟ್‌ಬುಕ್ ಹಿಡಿದು ಅಂಗಡಿ ಮುಂದೆ ಕೂತರೆ ಸಾಕು. ಯಾರು ಬಂದರು, ಎಷ್ಟು ಸಲ ಬೆರಳು ಒತ್ತಿದರು, ಎಷ್ಟು ಕೆ.ಜಿ. ತೂಗಿದರು, ಯಾರು ಬರಿಗೈಯಲ್ಲಿ ಹೋದರು. ಬರೆಯಿರಿ. ತಿಂಗಳ ಕೊನೆಗೆ ಆ ಪುಸ್ತಕವನ್ನು ತಹಸೀಲ್ದಾರರ ಮೇಜಿನ ಮೇಲೆ ಇಟ್ಟು ಮೊಹರು ಹಾಕಿದ ಸ್ವೀಕೃತಿ ಕೇಳಿ. ಇಷ್ಟು ಕಾಲ ಅವರ ಖಿರ್ದಿಯಲ್ಲಿ ನಾವಿದ್ದೆವು. ಇನ್ನು ಮೇಲೆ ನಮ್ಮ ಖಿರ್ದಿಯಲ್ಲಿ ಅವರೂ ಇರಲಿ.