ಹಾಳು ಹಂಪೆಯ ಅನ್ವೇಷಣೆ

ವಿಜಯನಗರ ಸಾಮ್ರಾಜ್ಯದ ರಾಜಧಾನಿಯಾಗಿದ್ದ ಹಂಪೆ 1565ರಲ್ಲಿ ಪಾಳುಬಿದ್ದ ಮೇಲೆ ಅದರ ಅವಶೇಷಗಳನ್ನು ಜನ ಹುಡುಕಿಕೊಂಡು ಬಂದ, ಅಳೆದ, ಅಗೆದ, ಅರ್ಥಮಾಡಿಕೊಂಡ ನಾಲ್ಕೂವರೆ ಶತಮಾನಗಳ ಇತಿಹಾಸ ಇದು. ಈಗಿನ ವಿಜಯನಗರ ಜಿಲ್ಲೆಯ ಹೊಸಪೇಟೆಗೆ ಸಮೀಪ, ತುಂಗಭದ್ರೆಯ ದಕ್ಷಿಣ ದಂಡೆಯ ಬಂಡೆಗುಡ್ಡಗಳ ನಡುವೆ ಸುಮಾರು 1,600 ಅವಶೇಷಗಳು ಹರಡಿಕೊಂಡಿವೆ. ‘ಕಾಲಿದ್ದವರು ಹಂಪೆ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು’ ಎಂಬುದು ಆ ಸೀಮೆಯ ಗಾದೆ. ಹಂಪೆ ನಡೆದಷ್ಟೂ ಮುಗಿಯದ ಊರು. ಅಲ್ಲಿ ನಡೆದಾಡಿದ ಒಂದೊಂದು ತಲೆಮಾರೂ ಒಂದೊಂದು ಹೊಸ ಪ್ರಶ್ನೆ ಹೊತ್ತು ಬಂದಿದೆ. ಆ ಪ್ರಶ್ನೆಗಳ ಸಾಲೇ ಈ ಸ್ಥಳದ ಅನ್ವೇಷಣೆಯ ಚರಿತ್ರೆ.

ಪಾಳುಬಿದ್ದ ಬಗೆ

ದಖ್ಖನಿನ ಸುಲ್ತಾನರೊಡನೆ ನಡೆದ 1565ರ ಜನವರಿಯ ರಕ್ಕಸ-ತಂಗಡಿ ಯುದ್ಧದಲ್ಲಿ, ವಿಜಯನಗರದ ಆಡಳಿತ ನಡೆಸುತ್ತಿದ್ದ ಅಳಿಯ ರಾಮರಾಯ ಹತನಾದ. ಅವನ ತಮ್ಮ ತಿರುಮಲ, ಹೆಸರಿಗೆ ಅರಸನಾಗಿದ್ದ ಸದಾಶಿವರಾಯನನ್ನು ಕರೆದುಕೊಂಡು, ಭಂಡಾರವನ್ನೂ ಸಾಗಿಸಿಕೊಂಡು ಪೆನುಗೊಂಡೆ ಸೇರಿದ. ಕಾವಲಿಲ್ಲದ ನಗರ ತಿಂಗಳುಗಟ್ಟಲೆ ಸೂರೆಯಾಯಿತು. ಹಾಳಾದ ನಗರವನ್ನು ಕಂಡು ಬರೆದಿಟ್ಟ ಮೊದಲಿಗರಲ್ಲಿ ವೆನಿಸ್ಸಿನ ವ್ಯಾಪಾರಿ ಚೆಸಾರೆ ಫೆದೆರಿಚಿ ಒಬ್ಬ. 1567ರಲ್ಲಿ ಕುದುರೆ ವ್ಯಾಪಾರಿಗಳ ಜತೆ ಗೋವೆಯಿಂದ ಬಂದ ಅವನು, ದಾರಿಯಲ್ಲಿ ಕಳ್ಳರ ಹಾವಳಿ ಇದ್ದುದರಿಂದ ಏಳು ತಿಂಗಳು ಇಲ್ಲೇ ಉಳಿಯಬೇಕಾಯಿತು. ಮನೆಗಳು ನಿಂತೇ ಇವೆ, ಒಳಗೆ ಮನುಷ್ಯರಿಲ್ಲ, ಹುಲಿಗಳು ಸೇರಿಕೊಂಡಿವೆಯಂತೆ ಎಂಬ ಅರ್ಥದ ಮಾತನ್ನು ಅವನು ಬರೆದಿದ್ದಾನೆ. ತಿರುಮಲ ಮರಳಿ ಬಂದು ಊರನ್ನು ತುಂಬಿಸಲು ನೋಡಿದರೂ ಅದು ಕೈಗೂಡಲಿಲ್ಲ.

ಆದರೂ ಹಂಪೆ ಪೂರ್ತಿ ನಿರ್ಜನವಾದದ್ದಿಲ್ಲ. ವಿರೂಪಾಕ್ಷನ ಪೂಜೆ ಮುಂದುವರಿಯಿತು; ನದಿಯಾಚೆ ಆನೆಗೊಂದಿಯಲ್ಲಿ ರಾಜಮನೆತನದವರೆನಿಸಿಕೊಂಡವರು ಬಾಳಿದರು; ವಿಜಯನಗರದ ಕಾಲುವೆಗಳ ನೀರಿನಲ್ಲಿ ರೈತರು ಭತ್ತ, ಬಾಳೆ ಬೆಳೆದರು. ಜೋಡಿ ಬಂಡೆಗೆ ಅಕ್ಕತಂಗಿ ಗುಡ್ಡ, ಎರಡು ದೊಡ್ಡ ಗಣಪ ಮೂರ್ತಿಗಳಿಗೆ ಸಾಸಿವೆಕಾಳು, ಕಡಲೆಕಾಳು ಎಂಬ ಹೆಸರುಗಳು ಬಿದ್ದುದು ಈ ಜನರ ಬಾಯಲ್ಲೇ. ಹೊರಗಿನಿಂದ ಬಂದವರು ‘ಕಂಡುಹಿಡಿದ’ ಹಂಪೆ ಇವರಿಗೆ ಎಂದೂ ಕಳೆದುಹೋಗಿರಲಿಲ್ಲ.

ನಕ್ಷೆ ಮತ್ತು ಛಾಯಾಚಿತ್ರ

ಶ್ರೀರಂಗಪಟ್ಟಣ ಬಿದ್ದ 1799ರಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಕಾಲಿನ್ ಮೆಕೆಂಜಿ ಹಂಪೆಗೆ ಬಂದು ಅವಶೇಷಗಳ ನಕ್ಷೆ ಮಾಡಿಸಿದ. ಮುಂದೆ 1815ರಲ್ಲಿ ಅವನು ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಕಾವಲಿ ಸೋದರರಂಥ ದೇಶೀಯ ವಿದ್ವಾಂಸರ ನೆರವಿನಿಂದ ಊರೂರಿನ ಶಾಸನ, ಕೈಫಿಯತ್ತುಗಳನ್ನು ಅವನು ಕೂಡಿಸಿದ. ಪಾಳುಗೋಡೆಯನ್ನು ಅಳೆಯುವುದರ ಜತೆಗೆ ಅದರ ಬಗ್ಗೆ ಊರವರು ಹೇಳುವುದನ್ನೂ ಬರೆದುಕೊಳ್ಳಬೇಕೆಂಬ ಪದ್ಧತಿಗೆ ಇದು ದೊಡ್ಡ ಆರಂಭ.

1856ರಲ್ಲಿ ಮದರಾಸು ಸೇನೆಯ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ಹಂಪೆಯ ಚಿತ್ರಗಳನ್ನು ತೆಗೆದ. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆ-ಗಾರೆಯ ಶಿಖರ ಇದ್ದುದು ಅವನ ಚಿತ್ರದಲ್ಲಿ ಕಾಣುತ್ತದೆ; ಇಂದು ಆ ಶಿಖರವಿಲ್ಲ. 2017ರಲ್ಲಿ ಬಂದ 50 ರೂಪಾಯಿ ನೋಟಿನ ಮೇಲೆ ನಾವು ನೋಡುವುದು ತಲೆ ಕಳೆದುಕೊಂಡ ರಥವನ್ನು. ಬಹುಕಾಲ ಕಣ್ಮರೆಯಾಗಿದ್ದ ಈ ನೆಗೆಟಿವ್‌ಗಳು 1980ರ ಸುಮಾರಿಗೆ ಮತ್ತೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ, ಹಾಳಾಗುವುದು ಒಂದೇ ದಿನದ ಘಟನೆಯಲ್ಲ, ಪಾಳು ಕೂಡ ಸವೆಯುತ್ತಲೇ ಇರುತ್ತದೆ ಎಂಬುದು ಮನದಟ್ಟಾಗುತ್ತದೆ.

‘ಮರೆತ’ ಸಾಮ್ರಾಜ್ಯ

ಮದರಾಸು ಪ್ರಾಂತದ ಸಿವಿಲ್ ಅಧಿಕಾರಿ ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ‘ಎ ಫರ್ಗಾಟನ್ ಎಂಪೈರ್’ ಈ ಅನ್ವೇಷಣೆಯ ದೊಡ್ಡ ತಿರುವು. ಕೃಷ್ಣದೇವರಾಯ ಮತ್ತು ಅಚ್ಯುತರಾಯರ ಕಾಲದ ಪೋರ್ಚುಗೀಸರಾದ ಪಾಯೆಸ್ ಮತ್ತು ನೂನಿಜ್ ಬರೆದ ವೃತ್ತಾಂತಗಳನ್ನು ದಾವಿದ್ ಲೋಪೆಸ್ 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಮಾಡಿಸಿದ್ದರು. ಸಿವೆಲ್ ಅವನ್ನು ಇಂಗ್ಲಿಷಿಗೆ ತಂದ. ಅಲ್ಲಿಂದ ಮುಂದೆ ಬರಿದಾದ ಬೀದಿಗಳಲ್ಲಿ ನಡೆಯುವವರು ಪಾಯೆಸ್ ಕಂಡ ಸಂತೆ, ಮಹಾನವಮಿ ಉತ್ಸವಗಳನ್ನು ಮನಸ್ಸಿನಲ್ಲಿ ತುಂಬಿಕೊಂಡು ನಡೆಯತೊಡಗಿದರು. 1917ರಲ್ಲಿ ಪುರಾತತ್ವ ಅಧಿಕಾರಿ ಎ. ಎಚ್. ಲಾಂಗ್‌ಹರ್ಸ್ಟ್ ಬರೆದ ಮಾರ್ಗದರ್ಶಿ ಪ್ರವಾಸಿಗರ ಕೈಸೇರಿತು.

ಹೀಗೆ ನೋಡಿದವರ ಊಹೆಗಳು ಕಟ್ಟಡಗಳಿಗೆ ಹೆಸರಾಗಿ ಅಂಟಿಕೊಂಡದ್ದೂ ಉಂಟು. ಇಂದಿನ ಕಮಲಮಹಲ್ 1799ರ ನಕ್ಷೆಯಲ್ಲಿ ಮಂತ್ರಾಲೋಚನೆಯ ಸಭಾಂಗಣ ಎಂದಿದೆ. ರಾಣಿಯರ ಸ್ನಾನಗೃಹ ರಾಣಿಯರದೇ ಎನ್ನಲು ಗಟ್ಟಿ ಆಧಾರವಿಲ್ಲ. ಉಗ್ರನರಸಿಂಹನ ಕಥೆ ಇನ್ನೂ ಮಾರ್ಮಿಕ. ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ ಕೆತ್ತಿದ ಆ ಮೂರ್ತಿ ಲಕ್ಷ್ಮೀನರಸಿಂಹನದು. ತೊಡೆಯ ಮೇಲಿದ್ದ ಲಕ್ಷ್ಮಿಯನ್ನು ಒಡೆದು ಕೆಡವಿದ ಮೇಲೆ ಉಳಿದ ಮುಖವನ್ನಷ್ಟೇ ನೋಡಿ ಜನ ಅವನನ್ನು ಉಗ್ರ ಎಂದರು. ದೇವನ ಬೆನ್ನನ್ನು ಬಳಸಿದ ಆಕೆಯ ಕೈ ಮಾತ್ರ ಈಗಲೂ ಕಲ್ಲಿನಲ್ಲಿದೆ. ಹಿಂದೆ ಹೋಗಿ ನೋಡಿದವರಿಗೆ ಅದು ಕಾಣುತ್ತದೆ.

ಕನ್ನಡಿಗರ ಹಂಪೆ

1905ರಲ್ಲಿ ಆನೆಗೊಂದಿ, ಹಂಪೆಗಳನ್ನು ಕಂಡ ಆಲೂರು ವೆಂಕಟರಾಯರಿಗೆ ಹಾಳು ಬರಿಯ ಹಾಳಾಗಿ ಕಾಣಲಿಲ್ಲ. ಹರಿದು ಹಂಚಿಹೋಗಿದ್ದ ಕನ್ನಡ ನಾಡಿಗೆ ಒಂದಾಗಿದ್ದ ಕಾಲದ ನೆನಪಾಗಿ ಕಂಡಿತು. ಆ ಭೇಟಿಯ ಪ್ರೇರಣೆ ‘ಕರ್ನಾಟಕ ಗತವೈಭವ’ (1917) ಕೃತಿಯಲ್ಲೂ ಏಕೀಕರಣ ಚಳವಳಿಯಲ್ಲೂ ಫಲಿಸಿತು. 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ನಡೆದು, ಧಾರವಾಡದಿಂದ ಸ್ಮರಣ ಸಂಪುಟ ಹೊರಬಂತು. ‘ಹಾಳು ಹಂಪೆ’ ಎಂಬ ಮಾತು ಕನ್ನಡದಲ್ಲಿ ಮರುಕದಿಂದ ಅಭಿಮಾನದ ಕಡೆಗೆ ಹೊರಳಿದ್ದು ಈ ಮೂರು ದಶಕಗಳಲ್ಲಿ.

ನೆಲ ಹೇಳಿದ್ದು

1970ರ ದಶಕದ ನಡುವಿನಿಂದ ಭಾರತೀಯ ಪುರಾತತ್ವ ಸರ್ವೇಕ್ಷಣೆ ಮತ್ತು ರಾಜ್ಯ ಪುರಾತತ್ವ ಇಲಾಖೆ ದೊಡ್ಡ ಪ್ರಮಾಣದ ಉತ್ಖನನ ಕೈಗೊಂಡವು. ರಾಜರ ಆವರಣದಲ್ಲಿ ಅರಮನೆಗಳ ಕಲ್ಲಿನ ಅಧಿಷ್ಠಾನಗಳು ಮಣ್ಣಿನಿಂದ ಮೇಲೆದ್ದವು. ಮೇಲಿನ ಕಟ್ಟಡ ಮರ, ಗಾರೆಗಳದ್ದು. ನಗರ ಸೂರೆಯಾದಾಗಿನ ಬೆಂಕಿಗೆ ಸಿಕ್ಕಿ ಅದು ಉಳಿಯಲಿಲ್ಲ. ಗುಡಿಗಳು ನಿಂತು ಅರಮನೆಗಳು ಬರೀ ಜಗಲಿಗಳಾಗಿ ಉಳಿದದ್ದಕ್ಕೆ ಇದೇ ಕಾರಣ. 1980ರ ದಶಕದಲ್ಲಿ ಸಿಕ್ಕ ಮೆಟ್ಟಿಲು ಪುಷ್ಕರಣಿಯ ಕಪ್ಪು ಕಲ್ಲುಗಳ ಮೇಲೆ ದಿಕ್ಕು, ಸಾಲುಗಳನ್ನು ಸೂಚಿಸುವ ಗುರುತುಗಳಿವೆ. ಯಾವ ಕಲ್ಲು ಎಲ್ಲಿ ಕೂರಬೇಕೆಂದು ಶಿಲ್ಪಿಗಳು ಮೊದಲೇ ಬರೆದುಕೊಂಡಿದ್ದರು.

1980ರಿಂದ ಸುಮಾರು ಎರಡು ದಶಕ ಪುರಾತತ್ವಜ್ಞ ಜಾನ್ ಫ್ರಿಟ್ಜ್ ಮತ್ತು ವಾಸ್ತುಶಿಲ್ಪದ ಇತಿಹಾಸಕಾರ ಜಾರ್ಜ್ ಮಿಷೆಲ್ ಅವರ ತಂಡ ಇಡೀ ನಗರವನ್ನು ಕಾಲ್ನಡಿಗೆಯಲ್ಲಿ ಅಳೆಯಿತು. ಚಿಕ್ಕ ಗುಡಿ, ಮುರಿದ ಗೋಡೆ, ಬಂಡೆಯ ಮೇಲಿನ ಮೆಟ್ಟಿಲುಗಳನ್ನೂ ಬಿಡದೆ ದಾಖಲಿಸಿತು. ಪುರಾತತ್ವಜ್ಞರಾದ ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ನಗರದ ಹೊರವಲಯದ ಕೆರೆ, ಹೊಲ, ಕಬ್ಬಿಣ ಕರಗಿಸಿದ ನೆಲೆಗಳ ಕಡೆ ಹೊರಟರು. ಅರಸರನ್ನು ಹುಡುಕುತ್ತಿದ್ದ ಅನ್ವೇಷಣೆ ಕುಂಬಾರ, ಕಮ್ಮಾರ, ಒಕ್ಕಲಿಗರನ್ನು ಹುಡುಕತೊಡಗಿತು.

ನೋಡುವವರ ಹೊಣೆ

1986ರಲ್ಲಿ ಹಂಪೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆನೆಗೊಂದಿಯ ಕಡೆಗೆ ಕಟ್ಟುತ್ತಿದ್ದ ಸೇತುವೆಯಿಂದಾಗಿ 1999ರಲ್ಲಿ ಅಪಾಯದಂಚಿನ ಪಟ್ಟಿಗೂ ಸೇರಿ, 2006ರಲ್ಲಿ ಅದರಿಂದ ಹೊರಬಂತು. ಆ ಸೇತುವೆ 2009ರ ಜನವರಿಯಲ್ಲಿ, ಕಟ್ಟುತ್ತಿದ್ದಾಗಲೇ ಕುಸಿದು ಕಾರ್ಮಿಕರ ಪ್ರಾಣಹಾನಿಯಾಯಿತು. 2011ರಲ್ಲಿ ವಿರೂಪಾಕ್ಷ ಬೀದಿಯ ಕಲ್ಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು ತೆರವುಗೊಳಿಸಲಾಯಿತು. ಪರಂಪರೆಯನ್ನು ಕಾಯುವುದೆಂದರೆ ಕಲ್ಲನ್ನು ಮಾತ್ರ ಕಾಯುವುದೇ ಎಂಬ ಪ್ರಶ್ನೆ ಆಗ ಎದ್ದಿತು, ಇನ್ನೂ ಆರಿಲ್ಲ.

ನಿಧಿಗಳ್ಳರ ಹಾರೆಯಿಂದ ಹಂಪೆ ಬಹಳ ನೊಂದಿದೆ. ಪ್ರೀತಿಯಿಂದ ಬಂದವರ ಕೈಯಿಂದಲೂ ನೊಂದಿದೆ. ವಿಠ್ಠಲ ಗುಡಿಯ ಸಂಗೀತದ ಕಂಬಗಳನ್ನು ತಟ್ಟಿ ತಟ್ಟಿ ಸವೆಸಿದ್ದರಿಂದ ಅವನ್ನು ಮುಟ್ಟುವುದೇ ನಿಷಿದ್ಧವಾಯಿತು. 2019ರಲ್ಲಿ ಯುವಕರು ಕಂಬವೊಂದನ್ನು ಉರುಳಿಸಿದ ವಿಡಿಯೊ ಹರಡಿದಾಗ ನಾಡೆಲ್ಲ ಸಿಟ್ಟಾಯಿತು. ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ, ಅವರೇ ಕಂಬವನ್ನು ಎತ್ತಿ ನಿಲ್ಲಿಸುವಂತೆ ಮಾಡಿತು.

ಹಂಪೆಯ ರಚನೆಗಳಲ್ಲಿ ಎಂದೂ ಪಾಳುಬೀಳದ್ದು ಒಂದಿದೆ. ಬಂಡೆಗಳ ನಡುವೆ ಸುತ್ತಿ ಬರುವ ತುರ್ತು ಕಾಲುವೆ ವಿಜಯನಗರದ ಕಾಲದ್ದು. ಅದರ ನೀರು ಇಂದಿಗೂ ಬಾಳೆತೋಟಗಳಿಗೆ ಹರಿಯುತ್ತದೆ. ಕಮಲಾಪುರದ ದಾರಿಯಲ್ಲಿ ಅದನ್ನು ದಾಟಿ ಹೋಗುವ ಪ್ರವಾಸಿಗರಲ್ಲಿ ನಿಂತು ನೋಡುವವರು ಕಡಿಮೆ. ನಿಂತರೆ, ಈ ನಗರವನ್ನು ಕಟ್ಟಿದವರ ಕೆಲಸ ಇನ್ನೂ ನಡೆಯುತ್ತಿರುವ ಸದ್ದು ಕೇಳಿಸುತ್ತದೆ.