ಡಾರ್ಕ್ ಅಕಾಡೆಮಿಯಾ ಮೇಜು: ಶರತ್ಕಾಲದ ಒಂದು ಅಲಂಕಾರ ಶೈಲಿಯ ಇತಿಹಾಸ

ಡಾರ್ಕ್ ಅಕಾಡೆಮಿಯಾ ಮೇಜು: ಯುರೋಪ್ ಮತ್ತು ಅಮೆರಿಕಗಳಲ್ಲಿ ಎಲೆಯುದುರುವ ಕಾಲಕ್ಕೆ, ಅಂದರೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ, ಊಟದ ಮೇಜಿಗೆ ಹಳೆಯ ಕಾಲೇಜಿನ ಓದುಕೋಣೆಯ ಛಾಯೆ ಕೊಡುವ ಅಲಂಕಾರ ಶೈಲಿ. ಬಟ್ಟೆ ಹಾಸದ ಕಪ್ಪುಮರದ ಹಲಗೆ, ಹಿತ್ತಾಳೆಯ ಮೇಣದಬತ್ತಿ ಕಂಬ, ಹಳೆಯ ರಟ್ಟಿನ ಪುಸ್ತಕಗಳು, ಸೀಳಿದ ದಾಳಿಂಬೆ, ಅಂಜೂರ, ಕಪ್ಪು ದ್ರಾಕ್ಷಿ, ಒಣಹೂ, ಕೆಲವೊಮ್ಮೆ ಪ್ಲಾಸ್ಟರಿನ ತಲೆಬುರುಡೆ ಇದರ ಸಾಮಗ್ರಿ. ಹೆಸರು ತೀರ ಈಚಿನದು. ಸಾಮಗ್ರಿಗಳು ಮಾತ್ರ ಸುಮಾರು ನಾನೂರು ವರ್ಷಗಳಲ್ಲಿ ಬೇರೆ ಬೇರೆ ದಾರಿಯಿಂದ ಬಂದು ಸೇರಿದವು. ಊಟದ ಸುಖದ ಮೇಲೆ ಜುಗುಪ್ಸೆ ಹುಟ್ಟಿಸಲೆಂದೇ ಬಂದವೂ ಅವುಗಳಲ್ಲಿವೆ.

ಅತ್ಯಂತ ಹಳೆಯ ಪದರ ಹಾಲೆಂಡಿನದು. ಲೈಡನ್ ನಗರದಲ್ಲಿ 1575ರಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಪಂಡಿತರು, ಮುದ್ರಕರು, ಕ್ಯಾಲ್ವಿನ್ ಪಂಥದ ಬೋಧಕರು ತುಂಬಿದ್ದ ಆ ಊರಿನಲ್ಲಿ ಹದಿನೇಳನೆಯ ಶತಮಾನದ ಮೊದಲರ್ಧದಲ್ಲಿ ವ್ಯಾನಿಟಾಸ್ ಎಂಬ ಸ್ಥಿರವಸ್ತು ಚಿತ್ರಪ್ರಕಾರ ಬೆಳೆಯಿತು. ಮೇಜಿನ ಮೇಲೆ ಬುರುಡೆ, ಆರಿದ ದೀಪ, ಗಡಿಯಾರ, ಉರುಳಿದ ಲೋಟ, ಅಂಚು ಸವೆದ ಪುಸ್ತಕ. ಪುಸ್ತಕಕ್ಕೂ ಅಲ್ಲಿ ರಿಯಾಯಿತಿ ಇಲ್ಲ: ಸಿರಿಯಂತೆ ವಿದ್ಯೆಯೂ ಮಣ್ಣುಪಾಲೆಂಬುದು ಚಿತ್ರದ ತಾತ್ಪರ್ಯ. ಡೇವಿಡ್ ಬೈಲಿ 1651ರಲ್ಲಿ ರಚಿಸಿದ ಚಿತ್ರ ಲೈಡನ್ನಿನ ಲಾಕನ್‌ಹಾಲ್ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಒಬ್ಬ ಯುವಕ ಚಿತ್ರಕಾರನ ಮುಪ್ಪಿನ ಮುಖದ ಪಟ ಹಿಡಿದು ಕೂತಿದ್ದಾನೆ. ಪಕ್ಕದ ಮೇಜಿನಲ್ಲಿ ಬುರುಡೆ ಇದೆ, ಮೇಲೆ ಸಾಬೂನಿನ ಗುಳ್ಳೆಗಳು ತೇಲುತ್ತಿವೆ. ಅದೇ ಕಾಲದಲ್ಲಿ ಹಾರ್ಲೆಮ್‌ನ ಪೀಟರ್ ಕ್ಲಾಸ್ ಮತ್ತು ವಿಲೆಮ್ ಹೆಡಾ ಕಂದು, ಬೂದು ಬಣ್ಣಗಳಲ್ಲಷ್ಟೇ ಮುಗಿಯುವ ಊಟದ ಮೇಜುಗಳನ್ನು ಬಿಡಿಸಿದರು: ತವರದ ತಟ್ಟೆ, ಅರೆ ಸುಲಿದ ನಿಂಬೆ, ಅರ್ಧ ಉಳಿದ ತಿನಿಸು. ಇಂದಿನ ಅಲಂಕಾರಕಾರರು ನಕಲು ಮಾಡುವುದು ಇವೇ ಚಿತ್ರಗಳನ್ನು. ಉಪದೇಶವನ್ನು ಬಿಟ್ಟು ಬೆಳಕನ್ನಷ್ಟೇ ಎತ್ತಿಕೊಂಡಿದ್ದಾರೆ.

ಕಪ್ಪುಮರದ ಕಥೆ ಇಂಗ್ಲೆಂಡಿನದು, ಅಷ್ಟೇನೂ ಚೆಂದದ್ದಲ್ಲ. ಅಮೆರಿಕದ ವಸಾಹತುಗಳಿಂದ ಬರುವ ಮರಕ್ಕೆ ಬ್ರಿಟಿಷ್ ಸಂಸತ್ತು 1721ರಲ್ಲಿ ಸುಂಕ ತೆಗೆದುಹಾಕಿತು. ಜಮೈಕಾದಲ್ಲಿ ಗುಲಾಮರಾಗಿದ್ದ ಆಫ್ರಿಕನ್ನರು ಕಡಿದ ಮಹಾಗನಿ ಲಂಡನ್ನಿಗೆ ಅಗ್ಗವಾಗಿ ಬಂದಿಳಿಯಿತು. ಅಗಲವಾದ ಹಲಗೆ, ಕನ್ನಡಿಯಂತೆ ಹೊಳಪು ಹಿಡಿಯುವ ಕೆಂಗಪ್ಪು ಬಣ್ಣ. ಊಟ ಮುಗಿದು ಹಣ್ಣು, ಮದ್ಯ ಬರುವ ಹೊತ್ತಿಗೆ ಮೇಜುಬಟ್ಟೆ ತೆಗೆದು ಬರಿಯ ಮರವನ್ನು ತೋರಿಸುವುದು ಶ್ರೀಮಂತ ಮನೆಗಳ ರೂಢಿಯಾಯಿತು. ಹೊಳಪಿಗೆ ಇನ್ನೊಂದು ಪ್ರಯೋಜನವೂ ಇತ್ತು. ಇಂಗ್ಲೆಂಡಿನಲ್ಲಿ 1709ರಿಂದ 1831ರವರೆಗೆ ಮೇಣದಬತ್ತಿಗೆ ತೆರಿಗೆ ಇತ್ತು. ಜೇನುಮೇಣದ್ದು ದುಬಾರಿ, ಕೊಬ್ಬಿನದು ನಾತ ಹೊಡೆಯುವಂಥದ್ದು. ಒಂದು ಜ್ವಾಲೆಯನ್ನು ಎರಡಾಗಿಸುವ ಮರ, ಬೆಳ್ಳಿ, ಗಾಜು ಇದ್ದಷ್ಟೂ ಲಾಭ. ಇಂದು ಮನಸ್ಸಿಗೆ ಹಿತವೆನಿಸುವ ಆ ಮಬ್ಬು ಅಂದು ಬೆಳಕಿನ ಕೊರತೆಯಾಗಿತ್ತು.

ಮೇಜಿನ ನಡುವೆ ಅಲಂಕಾರಕ್ಕೆ ಜಾಗ ಸಿಕ್ಕಿದ್ದು ಬಡಿಸುವ ಕ್ರಮ ಬದಲಾದ ಮೇಲೆ. ಫ್ರೆಂಚ್ ಪದ್ಧತಿಯಲ್ಲಿ ಒಂದು ಸರದಿಯ ಎಲ್ಲ ಖಾದ್ಯಗಳನ್ನೂ ಒಮ್ಮೆಗೇ ಮೇಜಿನ ತುಂಬ ಹರಡುತ್ತಿದ್ದರು. ರಷ್ಯನ್ ಪದ್ಧತಿಯಲ್ಲಿ ಸೇವಕರು ಒಂದೊಂದೇ ಖಾದ್ಯ ತಂದು ಬಡಿಸುತ್ತಾರೆ. ಪ್ಯಾರಿಸ್ಸಿನಲ್ಲಿದ್ದ ರಷ್ಯದ ರಾಯಭಾರಿ ಕುರಾಕಿನ್ ಇದನ್ನು 1810ರ ಸುಮಾರಿಗೆ ಅಲ್ಲಿ ಪರಿಚಯಿಸಿದನೆಂಬುದು ಪ್ರಚಲಿತ ಹೇಳಿಕೆ. ಶತಮಾನದ ನಡುವಿನ ಹೊತ್ತಿಗೆ ಇಂಗ್ಲೆಂಡೂ ಒಪ್ಪಿಕೊಂಡಿತು. ತೆರವಾದ ಜಾಗಕ್ಕೆ ಹೂ ಬಂತು. ಲಂಡನ್ನಿನಲ್ಲಿ 1861ರಲ್ಲಿ ತೋಟಗಾರಿಕಾ ಸಂಘ ನಡೆಸಿದ ಮೇಜಿನ ಹೂವಿನ ಅಲಂಕಾರ ಸ್ಪರ್ಧೆಯಲ್ಲಿ ಮಾರ್ಚ್ ಸೋದರಿಯರು ಗೆದ್ದರು. ಅವರ ಸೋದರ ಟಿ. ಸಿ. ಮಾರ್ಚ್ ರೂಪಿಸಿದ ಅಂತಸ್ತಿನ ಗಾಜಿನ ಹೂದಾನಿ ‘ಮಾರ್ಚ್ ಸ್ಟ್ಯಾಂಡ್’ ಎಂದೇ ಹೆಸರಾಯಿತು.

ಆದರೆ ಶರತ್ಕಾಲ ಇನ್ನೂ ಮೇಜಿಗೆ ಏರಿರಲಿಲ್ಲ. ಗಾಜಿನ ಮನೆಯಲ್ಲಿ ಅಕಾಲಕ್ಕೆ ಬೆಳೆಸಿದ ಹೂ, ದ್ರಾಕ್ಷಿಯೇ ಸಿರಿವಂತಿಕೆಯ ಗುರುತಾಗಿದ್ದಾಗ ಬೇಲಿಯ ಕಾಯಿ, ಕೆಂಪೇರಿದ ಎಲೆ ಯಾರಿಗೆ ಬೇಕು? ಆ ರುಚಿಯನ್ನು ತಿದ್ದಿದವರಲ್ಲಿ ಗರ್ಟ್ರೂಡ್ ಜೀಕಿಲ್ ಒಬ್ಬರು. ಮನೆಯೊಳಗಿನ ಹೂವಿನ ಅಲಂಕಾರ ಕುರಿತ ಅವರ ಪುಸ್ತಕ 1907ರಲ್ಲಿ ಬಂತು. ಹೆಚ್ಚಿನ ಧೈರ್ಯ ತೋರಿದವರು ಕಾನ್‌ಸ್ಟನ್ಸ್ ಸ್ಪ್ರೈ (1886–1960). ಪೂರ್ವ ಲಂಡನ್ನಿನಲ್ಲಿ ದುಡಿಯುವ ಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿದ್ದ ಈಕೆ ನಲವತ್ತು ದಾಟಿದ ಮೇಲೆ ಹೂವಿನ ವೃತ್ತಿಗಿಳಿದರು. ಓಲ್ಡ್ ಬಾಂಡ್ ಸ್ಟ್ರೀಟಿನ ಅಟ್ಕಿನ್‌ಸನ್ಸ್ ಸುಗಂಧದ್ರವ್ಯ ಮಳಿಗೆಯ ಕಿಟಕಿಯಲ್ಲಿ ಬೇಲಿಸಾಲಿನ ಬಳ್ಳಿ, ಹಣ್ಣುಗೊಂಚಲುಗಳನ್ನು ಇಟ್ಟಾಗ ನೋಡಲು ಜನ ಮುಗಿಬಿದ್ದರು. ಕಲ್ಲುಹೂ ಹತ್ತಿದ ಕೊಂಬೆ, ಕೇಲ್ ಸೊಪ್ಪಿನ ಎಲೆ ಅವರ ನೆಚ್ಚಿನ ವಸ್ತುಗಳು. ಇಂದು ‘ಮೂಡಿ’, ಅಂದರೆ ಮಬ್ಬು ಭಾವದ್ದು, ಎನಿಸಿಕೊಳ್ಳುವ ಮೇಜಿನ ನಿಜವಾದ ಪೂರ್ವಜೆ ಇವರೇ ಎನ್ನಬೇಕು; ಆನ್‌ಲೈನ್ ಶೈಲಿಕಾರರಿಗೆ ಅವರ ನೆನಪಿರುವುದು ಕಡಿಮೆ.

ವಿದ್ವತ್ತಿನ ಛಾಯೆ ಬಂದದ್ದು ಆಕ್ಸ್‌ಫರ್ಡ್, ಕೇಂಬ್ರಿಜ್ ಕಾಲೇಜುಗಳ ಭೋಜನಶಾಲೆಗಳಿಂದ. ಓಕ್ ಹಲಗೆಯ ಗೋಡೆ, ಬೋಧಕರು ಕೂರುವ ಎತ್ತರದ ಮೇಜು, ಬೆಳ್ಳಿಯ ದೀಪಕಂಬಗಳು. ಅಕ್ಟೋಬರಿನಲ್ಲಿ ವರ್ಷದ ಮೊದಲ ಅವಧಿ ಶುರುವಾಗುವುದರಿಂದ ವಿದ್ಯೆಗೂ ಎಲೆಯುದುರುವ ಕಾಲಕ್ಕೂ ಅಲ್ಲಿ ನಂಟು. ಈ ಮೇಜಿನ ಅತ್ಯಂತ ಚುರುಕಾದ ವರದಿ ವರ್ಜೀನಿಯಾ ವುಲ್ಫ್ 1929ರಲ್ಲಿ ಪ್ರಕಟಿಸಿದ ‘ಎ ರೂಮ್ ಆಫ್ ಒನ್ಸ್ ಓನ್’ ಕೃತಿಯಲ್ಲಿದೆ. ಅಕ್ಟೋಬರಿನ ಒಂದೇ ದಿನ, ಗಂಡಸರ ಕಾಲೇಜಿನಲ್ಲಿ ಮೀನು, ಕೌಜುಗದ ಮಾಂಸ, ವೈನ್. ರಾತ್ರಿ ಹೆಂಗಸರ ಕಾಲೇಜಿನಲ್ಲಿ ತಿಳಿಸಾರು, ದನದ ಮಾಂಸ, ಒಣಹಣ್ಣು. ಹೆಂಗಸರಿಗೆ ಕೇಂಬ್ರಿಜ್ ಪೂರ್ಣ ಪದವಿ ಕೊಟ್ಟದ್ದು 1948ರಲ್ಲಿ. ಇಂದಿನ ಅಲಂಕಾರ ನೆನಪಿಸಿಕೊಳ್ಳುವುದು ಗಂಡಸರ ಕಾಲೇಜಿನ ಮೇಜನ್ನು ಮಾತ್ರ.

ಇವೆಲ್ಲ ಒಂದೇ ಹೆಸರಿನಡಿ ಕೂಡಿದ್ದು ಟಂಬ್ಲರ್ ತಾಣದಲ್ಲಿ, 2010ರ ದಶಕದ ನಡುವೆ. ಮೂಲ ಸ್ಫೂರ್ತಿ ವರ್ಮಾಂಟಿನ ಕಾಲೇಜೊಂದರಲ್ಲಿ ಗ್ರೀಕ್ ಭಾಷೆ ಓದುವ ವಿದ್ಯಾರ್ಥಿಗಳು ಮಾಡಿದ ಕೊಲೆಯ ಕಥೆ ಹೇಳುವ ಡೋನಾ ಟಾರ್ಟ್ ಅವರ 1992ರ ಕಾದಂಬರಿ ‘ದ ಸೀಕ್ರೆಟ್ ಹಿಸ್ಟರಿ’. ಪೀಟರ್ ವಿಯರ್ ನಿರ್ದೇಶಿಸಿದ ‘ಡೆಡ್ ಪೊಯೆಟ್ಸ್ ಸೊಸೈಟಿ’ (1989) ಚಿತ್ರವೂ ಜೊತೆಗಿತ್ತು. ಕೊರೊನಾದಿಂದ 2020ರಲ್ಲಿ ಕಾಲೇಜುಗಳು ಮುಚ್ಚಿ ಊಟದ ಮೇಜೇ ತರಗತಿಯಾದಾಗ ಶೈಲಿ ಟಿಕ್‌ಟಾಕ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಹಬ್ಬಿತು. ಕುಂಬಳ, ಜೋಳದ ತೆನೆ, ಕಿತ್ತಳೆ ಬಣ್ಣದ ಅಮೆರಿಕನ್ ಥ್ಯಾಂಕ್ಸ್‌ಗಿವಿಂಗ್ ಮೇಜಿಗೆ ಇದು ಪರ್ಯಾಯವೂ ಆಯಿತು. ಐರೋಪ್ಯ ವಿದ್ಯೆಯನ್ನೇ ವಿದ್ಯೆ ಎಂದು ಬಿಂಬಿಸುತ್ತದೆ ಎಂಬ ಆಕ್ಷೇಪ ಅಂದಿನಿಂದಲೂ ಇದೆ, ಅದರಲ್ಲಿ ಹುರುಳೂ ಇದೆ.

ಈ ಶೈಲಿಯ ಮಬ್ಬಿಗೆ ಅಕ್ಷಾಂಶವೂ ಕಾರಣ. ನವೆಂಬರ್ ಕೊನೆಗೆ ಆಕ್ಸ್‌ಫರ್ಡಿನಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಬೆಂಗಳೂರಿನಲ್ಲಿ ಆರಕ್ಕೆ ತುಸು ಮುಂಚೆ. ನಮ್ಮ ಶರದೃತು ಮೋಡ ಸರಿದ ತಿಳಿಯಾಕಾಶ, ಬೆಳುದಿಂಗಳುಗಳದು. ಅಲ್ಲಿಯ ವಿಷಾದವನ್ನು ಇಲ್ಲಿ ಪರದೆ ಎಳೆದೇ ತಂದುಕೊಳ್ಳಬೇಕು.

ಹಳೆಯ ಪುಸ್ತಕಗಳ ಬಗ್ಗೆ ಮಾತ್ರ ಎಚ್ಚರ ಬೇಕು. ಹತ್ತೊಂಬತ್ತನೆಯ ಶತಮಾನದ ನಡುವೆ ಪುಸ್ತಕದ ಬಟ್ಟೆರಟ್ಟಿಗೆ ಬಳಿದ ಪಚ್ಚೆ ಹಸಿರು ಬಣ್ಣದಲ್ಲಿ ತಾಮ್ರದ ಜೊತೆ ಆರ್ಸೆನಿಕ್ ವಿಷವಿರುತ್ತಿತ್ತು. ಅಮೆರಿಕದ ಡೆಲವೇರ್‌ನ ವಿಂಟರ್‌ಥರ್ ಸಂಗ್ರಹಾಲಯ 2019ರಿಂದ ಇಂಥ ಪುಸ್ತಕಗಳನ್ನು ಗುರುತಿಸುತ್ತಿದೆ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ 2024ರಲ್ಲಿ ನಾಲ್ಕು ಪ್ರತಿಗಳನ್ನು ಪ್ರತ್ಯೇಕವಾಗಿರಿಸಿತು. ಬಣ್ಣ ಉದುರಿ ಕೈಗೆ ಹತ್ತುವುದರಿಂದ, ಆ ಕಾಲದ ಹಸಿರು ರಟ್ಟಿನ ಪುಸ್ತಕವನ್ನು ಅಂಜೂರದ ತಟ್ಟೆಯ ಪಕ್ಕ ಇಡುವಂತಿಲ್ಲ.